ಅಪ್ಪನನ್ನು ಹುಡುಕಿ ಹೊರಟ ಕ್ಯಾಮೆರಾ

1974ರ ಮಾರ್ಚ್ 17, ಭಾನುವಾರ. ನ್ಯೂಯಾರ್ಕ್ ನಗರದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಶೌಚಾಲಯದಲ್ಲಿ ಎಪ್ಪತ್ತಮೂರು ವರ್ಷದ ವೃದ್ಧರೊಬ್ಬರು ಹೃದಯಾಘಾತದಿಂದ ಕುಸಿದು ಸತ್ತರು. ಗಿಡ್ಡ ಆಳು, ಮುಖದ ಮೇಲೆ ಹಳೆಯ ಸುಟ್ಟ ಕಲೆಗಳು. ಭಾರತದ ಅಹಮದಾಬಾದಿನಿಂದ ವಿಮಾನದಲ್ಲಿ ಬಂದಿಳಿದು, ಫಿಲಡೆಲ್ಫಿಯಾದ ತಮ್ಮ ಮನೆಗೆ ರೈಲು ಹಿಡಿಯಲು ಅಲ್ಲಿಗೆ ಬಂದಿದ್ದರು. ಜೇಬಿನಲ್ಲಿದ್ದ ಪಾಸ್‌ಪೋರ್ಟಿನಲ್ಲಿ ಮನೆಯ ವಿಳಾಸವನ್ನು ಅವರೇ ಗೀಟು ಎಳೆದು ಹೊಡೆದುಹಾಕಿದ್ದರಂತೆ. ಎರಡು ಊರುಗಳ ಪೊಲೀಸರ ನಡುವೆ ಸುದ್ದಿ ಸರಿಯಾಗಿ ದಾಟಲಿಲ್ಲ. ಮನೆಯವರಿಗೆ ವಿಷಯ ತಿಳಿಯುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಅಲ್ಲಿಯವರೆಗೆ ಶವಾಗಾರದಲ್ಲಿ ದಿಕ್ಕಿಲ್ಲದ ಹೆಣದಂತೆ ಇದ್ದವರು ಲೂಯಿ ಕಾನ್. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ವಾಸ್ತುಶಿಲ್ಪಿಗಳ ಹೆಸರು ಹೇಳುವಾಗ ಯಾರೂ ಬಿಡದ ಹೆಸರು ಅದು.

ಪತ್ರಿಕೆಗಳಲ್ಲಿ ನಿಧನವಾರ್ತೆ ಬಂತು. ಕೊನೆಯಲ್ಲಿ ಎಂದಿನಂತೆ, ಮೃತರು ಹೆಂಡತಿಯನ್ನೂ ಒಬ್ಬ ಮಗಳನ್ನೂ ಅಗಲಿದ್ದಾರೆ ಎಂಬ ಸಾಲು. ಅದನ್ನು ಓದಿದವರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನ ತಾಯಿಯೂ ಇದ್ದಳು. ಆ ಹುಡುಗನ ಹೆಸರು ನಥಾನಿಯಲ್. ಅವನ ತಂದೆಯೂ ಅದೇ ಲೂಯಿ ಕಾನ್. ಆದರೆ ಪತ್ರಿಕೆಯಲ್ಲಿ ಅವನ ಹೆಸರು ಇರಲಿಲ್ಲ.

ಈ ಹುಡುಗ ಬೆಳೆದು, ತಂದೆ ತೀರಿ ಕಾಲು ಶತಮಾನ ಆಗುವ ಹೊತ್ತಿಗೆ ಒಂದು ಕ್ಯಾಮೆರಾ ಹಿಡಿದು ಹೊರಟ. ಅಪ್ಪ ಯಾರು, ಎಂಥ ಮನುಷ್ಯ, ತನಗೆ ಏನಾಗಬೇಕು ಎಂದು ಕೇಳುತ್ತ ಸುಮಾರು ಐದು ವರ್ಷ ಅಲೆದ. ಹಾಗೆ ಹುಟ್ಟಿದ ಸಾಕ್ಷ್ಯಚಿತ್ರವೇ 2003ರಲ್ಲಿ ತೆರೆಕಂಡ ‘ಮೈ ಆರ್ಕಿಟೆಕ್ಟ್’. ಮರುವರ್ಷ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡಿತು; ಪ್ರಶಸ್ತಿ ಬರಲಿಲ್ಲ. ಎರಡು ಗಂಟೆಗೆ ನಾಲ್ಕೇ ನಿಮಿಷ ಕಡಿಮೆ ಇರುವ ಈ ಚಿತ್ರವನ್ನು ಇಂದಿಗೂ ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳು ಹುಡುಕಿಕೊಂಡು ನೋಡುತ್ತಾರೆ. ಆದರೆ ಇದು ಕಟ್ಟಡಗಳ ಪಾಠ ಮಾತ್ರವಲ್ಲ. ಅಪ್ಪನ ಬಗ್ಗೆ ತನಗೆ ಏನೂ ಗೊತ್ತಿಲ್ಲ ಎಂದು ಒಂದು ದಿನ ಥಟ್ಟನೆ ಅರಿವಾದ ಯಾವ ಮಗನಿಗೂ, ಯಾವ ಮಗಳಿಗೂ ಈ ಚಿತ್ರ ತಟ್ಟುತ್ತದೆ.

ಮೂರು ಮನೆಗಳ ಯಜಮಾನ

ಲೂಯಿ ಕಾನ್ ಹುಟ್ಟಿದ್ದು 1901ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ಟೋನಿಯಾದ ಬಡ ಯಹೂದಿ ಕುಟುಂಬದಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಒಲೆಯಲ್ಲಿ ಉರಿಯುವ ಕೆಂಡದ ಬೆಳಕಿಗೆ ಮರುಳಾಗಿ ಅದನ್ನು ಮಡಿಲಿಗೆ ಹಾಕಿಕೊಂಡಿತು. ಬಟ್ಟೆ ಹೊತ್ತಿ ಮುಖ, ಕೈ ಸುಟ್ಟವು. ಆ ಕಲೆ ಸಾಯುವ ತನಕ ಹೋಗಲಿಲ್ಲ. ಬೆಳಕಿನ ಮರುಳೂ ಹೋಗಲಿಲ್ಲ ಎಂದು ಅವರ ಕಟ್ಟಡ ನೋಡಿದವರು ಹೇಳುತ್ತಾರೆ. 1906ರಲ್ಲಿ ಕುಟುಂಬ ಅಮೆರಿಕದ ಫಿಲಡೆಲ್ಫಿಯಾಕ್ಕೆ ವಲಸೆ ಹೋಯಿತು. ಹುಡುಗ ಚೆನ್ನಾಗಿ ಚಿತ್ರ ಬರೆಯುತ್ತಿದ್ದ. ಮೂಕಿ ಚಿತ್ರಗಳ ಕಾಲದ ಟಾಕೀಸುಗಳಲ್ಲಿ ಪಿಯಾನೊ ಬಾರಿಸಿ ಕಾಸು ಸಂಪಾದಿಸುತ್ತಿದ್ದ. ಓದಿ ವಾಸ್ತುಶಿಲ್ಪಿಯಾದರೂ ಹೆಸರು ಬಂದದ್ದು ಐವತ್ತು ದಾಟಿದ ಮೇಲೆ.

1930ರಲ್ಲಿ ಎಸ್ತರ್ ಎಂಬಾಕೆಯನ್ನು ಮದುವೆಯಾದರು. ಬಹಳ ವರ್ಷ ಮನೆಗೆ ಆಧಾರವಾಗಿದ್ದದ್ದು ಆಕೆಯ ದುಡಿಮೆಯೇ. 1940ರಲ್ಲಿ ಮಗಳು ಸ್ಯೂ ಆನ್ ಹುಟ್ಟಿದಳು. ಮುಂದೆ ತಮ್ಮ ಕಚೇರಿಯಲ್ಲೇ ಕೆಲಸ ಮಾಡುತ್ತಿದ್ದ ಪ್ರತಿಭಾವಂತ ವಾಸ್ತುಶಿಲ್ಪಿ ಆನ್ ಟಿಂಗ್ ಜೊತೆ ಸಂಬಂಧ. 1954ರಲ್ಲಿ ಆಕೆಗೆ ಅಲೆಕ್ಸಾಂಡ್ರಾ ಎಂಬ ಮಗಳು. ಅದಾದ ಮೇಲೆ ಉದ್ಯಾನ ಮತ್ತು ಭೂದೃಶ್ಯ ವಿನ್ಯಾಸಕಿ ಹ್ಯಾರಿಯೆಟ್ ಪ್ಯಾಟಿಸನ್, 1962ರಲ್ಲಿ ನಥಾನಿಯಲ್. ಮೂರು ಮನೆಗಳೂ ಒಂದರಿಂದ ಒಂದು ದೂರವಿರಲಿಲ್ಲ. ಆದರೂ ಒಂದು ಮನೆಯ ಮಕ್ಕಳು ಇನ್ನೊಂದು ಮನೆಗೆ ಹೋಗುವಂತಿರಲಿಲ್ಲ.

ನಥಾನಿಯಲ್‌ಗೆ ಅಪ್ಪ ಎಂದರೆ ವಾರಕ್ಕೊಮ್ಮೆ ಬಂದು ಹೋಗುವ ಅತಿಥಿ. ಬಂದಾಗ ಕಥೆ ಹೇಳುತ್ತಿದ್ದರು. ಅಪ್ಪ-ಮಗ ಕೂಡಿ ವಿಚಿತ್ರ ದೋಣಿಗಳ ಚಿತ್ರ ಬರೆದು ಒಂದು ಪುಸ್ತಕವನ್ನೇ ಮಾಡಿದ್ದರು. ರಾತ್ರಿ ಊಟವಾದ ಮೇಲೆ ಅಮ್ಮ ಕಾರು ತೆಗೆಯುವಳು. ಅಪ್ಪನನ್ನು ಅವರ ‘ಇನ್ನೊಂದು’ ಮನೆಯ ಹತ್ತಿರ ಇಳಿಸಿ ಬರಬೇಕು. ಹಿಂದಿನ ಸೀಟಿನಲ್ಲಿ ಮಗು. ದೊಡ್ಡವರ ಲೋಕದ ಈ ಏರ್ಪಾಡು ಮಗುವಿಗೆ ಎಷ್ಟು ಅರ್ಥವಾಗಿದ್ದೀತು?

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕಾನ್ ಅವರು ಮಹಾ ಕಲಾವಿದ ಎಂಬ ಕಾರಣಕ್ಕೆ ಈ ನಡತೆಯನ್ನು ಸಮರ್ಥಿಸುವ ಅಗತ್ಯವಿಲ್ಲ. ಮೂವರು ಹೆಂಗಸರೂ ಮೂವರು ಮಕ್ಕಳೂ ಅದರ ಬೆಲೆ ತೆತ್ತರು. ಮಗನೂ ತನ್ನ ಚಿತ್ರದಲ್ಲಿ ಸಮರ್ಥಿಸುವುದಿಲ್ಲ. ಹಾಗೆಂದು ಕೋರ್ಟಿನ ಕಟಕಟೆಯಲ್ಲೂ ನಿಲ್ಲಿಸುವುದಿಲ್ಲ. ಚಿತ್ರದ ನಿಜವಾದ ಹೆಚ್ಚುಗಾರಿಕೆ ಇದೇ.

ಕೇಳಿದ್ದು ಯಾರನ್ನು?

ಸಾಮಾನ್ಯವಾಗಿ ತಂದೆಯ ಕಥೆ ಬೇಕೆಂದರೆ ನಾವು ತಾಯಿಯನ್ನು ಕೇಳುತ್ತೇವೆ. ನಥಾನಿಯಲ್ ಅಷ್ಟಕ್ಕೆ ನಿಲ್ಲಲಿಲ್ಲ. ಹಳೆಯ ಪತ್ರಿಕೆಯ ನಿಧನವಾರ್ತೆಯಿಂದ ಆರಂಭಿಸಿ, ತಂದೆ ಪ್ರಾಣ ಬಿಟ್ಟ ರೈಲು ನಿಲ್ದಾಣಕ್ಕೆ ಹೋದರು. ಫಿಲಡೆಲ್ಫಿಯಾದಲ್ಲಿ ತಂದೆಯನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ಟ್ಯಾಕ್ಸಿ ಚಾಲಕರನ್ನು ಮಾತನಾಡಿಸಿದರು. ಜೊತೆಗೆ ದುಡಿದವರನ್ನು ಕೇಳಿದರು. ಐ. ಎಂ. ಪೈ, ಫಿಲಿಪ್ ಜಾನ್ಸನ್, ಫ್ರ್ಯಾಂಕ್ ಗೆಹ್ರಿಯಂಥ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಗಳನ್ನು ಕಂಡರು. ತಾನು ಕಟ್ಟಿದ ಹತ್ತಾರು ಕಟ್ಟಡಗಳಿಗಿಂತ ಕಾನ್ ಕಟ್ಟಿದ ಮೂರು ನಾಲ್ಕು ಶ್ರೇಷ್ಠ ಕಟ್ಟಡಗಳೇ ಹೆಚ್ಚು ಎಂಬರ್ಥದ ಮಾತನ್ನು ಪೈ ಅವರು ಆಡುವಾಗ ಆ ವಿನಯ ನೋಡುವಂಥದ್ದು. ಹೊಗಳುವವರನ್ನು ಮಾತ್ರ ಆರಿಸಿಕೊಳ್ಳಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಫಿಲಡೆಲ್ಫಿಯಾ ನಗರ ಯೋಜನೆಯ ಮುಖ್ಯಸ್ಥರಾಗಿದ್ದ ಎಡ್ಮಂಡ್ ಬೇಕನ್, ಕಾನ್ ಅವರ ನಗರ ಯೋಜನೆ ಕಾರ್ಯಗತವಾಗಿದ್ದರೆ ಊರೇ ಕೆಡುತ್ತಿತ್ತು ಎಂದು ಮಗನ ಎದುರಿಗೇ ಸಿಟ್ಟಿನಿಂದ ಕೂಗಾಡುತ್ತಾರೆ. ಮಗ ಅದನ್ನೂ ಚಿತ್ರದಲ್ಲಿ ಇಟ್ಟಿದ್ದಾರೆ.

ಕಾನ್ ವ್ಯವಹಾರದಲ್ಲಿ ಸೊನ್ನೆ. ಮುಗಿದ ನಕ್ಷೆಯನ್ನು ಮತ್ತೆ ಮತ್ತೆ ತಿದ್ದುವುದು, ಗಡುವು ಮೀರುವುದು, ಖರ್ಚಿನ ಲೆಕ್ಕ ಇಡದಿರುವುದು. ಸಾಯುವಾಗ ಸುಮಾರು ಐದು ಲಕ್ಷ ಡಾಲರ್ ಸಾಲ ಇತ್ತೆಂದು ಚಿತ್ರ ಹೇಳುತ್ತದೆ. ಅವರ ನಕ್ಷೆ, ಕಾಗದಪತ್ರಗಳನ್ನೆಲ್ಲ ಆಮೇಲೆ ಪೆನ್ಸಿಲ್ವೇನಿಯಾ ರಾಜ್ಯವೇ ಕೊಂಡು ವಿಶ್ವವಿದ್ಯಾಲಯದಲ್ಲಿ ಇರಿಸಿತು. ಹೀಗಾಗಿ ಅವು ಚೆಲ್ಲಾಪಿಲ್ಲಿಯಾಗದೆ ಒಂದೆಡೆ ಉಳಿದವು.

ಚಿತ್ರದಲ್ಲಿ ಕಣ್ಣು ಒದ್ದೆಯಾಗುವ ಒಂದು ಪ್ರಸಂಗವಿದೆ. ರಾಬರ್ಟ್ ಬೂಡ್ರೊ ಎಂಬ ವಾದ್ಯವೃಂದದ ನಿರ್ದೇಶಕರಿಗಾಗಿ ಕಾನ್ ಒಂದು ದೋಣಿ ವಿನ್ಯಾಸ ಮಾಡಿದ್ದರು. ನದಿಯಿಂದ ನದಿಗೆ ತೇಲಿ ಹೋಗಿ, ದಡದಲ್ಲಿ ಕುಳಿತ ಜನರಿಗೆ ಸಂಗೀತ ಕೇಳಿಸುವ ದೋಣಿ. ನಥಾನಿಯಲ್ ತಾನು ಯಾರೆಂದು ಹೇಳದೆ ಅವರ ಬಳಿ ಹೋಗುತ್ತಾರೆ. ಮಾತು ಮುಂದುವರಿದು, ‘ನಾನು ಅವರ ಮಗ’ ಎಂದು ತಿಳಿಸುತ್ತಲೇ ಆ ಹಿರಿಯರು ತಬ್ಬಿಬ್ಬಾಗಿ ಕಣ್ಣೀರು ತುಂಬಿಕೊಳ್ಳುತ್ತಾರೆ. ಯಾವಾಗಲೋ ಕಂಡಿದ್ದ ಪುಟ್ಟ ಹುಡುಗ ಇವನೇ! ವಿಚಿತ್ರ ದೋಣಿಗಳ ಚಿತ್ರ ಬರೆದುಕೊಟ್ಟ ಅಪ್ಪ ನಿಜವಾಗಿಯೂ ಒಂದು ವಿಚಿತ್ರ ದೋಣಿ ಕಟ್ಟಿದ್ದರೆಂದು ಮಗನಿಗೆ ಕಣ್ಣಾರೆ ಕಾಣುವ ಗಳಿಗೆ ಅದು.

ತಾಯಿಯ ಸರದಿಯೂ ಬರುತ್ತದೆ. ಇಷ್ಟಾದರೂ ನಿನಗೆ ಸಿಟ್ಟಿಲ್ಲವೇ ಎಂದು ಮಗ ಕೇಳುತ್ತಾರೆ. ಪಾಸ್‌ಪೋರ್ಟಿನ ವಿಳಾಸ ಹೊಡೆದುಹಾಕಿದ್ದು, ಇನ್ನು ಮುಂದೆ ತಮ್ಮೊಡನೆ ಇರಲು ಅವರು ನಿರ್ಧರಿಸಿದ್ದರ ಗುರುತು ಎಂಬುದು ತಾಯಿಯ ನಂಬಿಕೆ. ಮಗನಿಗೆ ಅಷ್ಟು ನಂಬಿಕೆ ಇಲ್ಲ. ಇಲ್ಲ ಎಂದು ಸಾಧಿಸುವ ಪುರಾವೆಯೂ ಇಲ್ಲ. ಕ್ಯಾಮೆರಾ ಸುಮ್ಮನೆ ಇಬ್ಬರನ್ನೂ ನೋಡುತ್ತದೆ. ಇಲ್ಲಿ ಬೇರೆ ನಿರ್ದೇಶಕರಾಗಿದ್ದರೆ ಹಿನ್ನೆಲೆ ಸಂಗೀತ ಹಾಕಿ ತೀರ್ಪು ಕೊಟ್ಟುಬಿಡುತ್ತಿದ್ದರೇನೋ.

ಇನ್ನೊಂದು ದೃಶ್ಯದಲ್ಲಿ ಮೂವರು ಮಕ್ಕಳೂ ಒಂದೆಡೆ ಸೇರುತ್ತಾರೆ. ಕಾನ್ ಅವರೇ ವಿನ್ಯಾಸ ಮಾಡಿದ, ಫಿಲಡೆಲ್ಫಿಯಾ ಬಳಿಯ ಫಿಶರ್ ಎಂಬವರ ಮನೆ. ಹಿರಿಯಕ್ಕ ಕೊಳಲು ವಾದಕಿ, ನಡುವಿನ ಅಕ್ಕ ಚಿತ್ರಕಲಾವಿದೆ. ನಾವು ಮೂವರೂ ಒಂದು ಕುಟುಂಬವೇ ಎಂಬ ಪ್ರಶ್ನೆ ಬರುತ್ತದೆ. ಒಂದೇ ತಂದೆ ಎಂಬುದರಿಂದ ಕುಟುಂಬ ಆಗುತ್ತದೆಯೇ, ಅಥವಾ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದರಿಂದಲೇ? ಅಪ್ಪ ಕಟ್ಟಿದ ಗೋಡೆಗಳ ನಡುವೆಯೇ ಕುಳಿತು ಅವರು ಇದನ್ನು ಮಾತನಾಡುತ್ತಾರೆ.

ಇಟ್ಟಿಗೆ ಹೇಳಿದ್ದು

ಮನುಷ್ಯರು ಹೇಳದೆ ಉಳಿಸಿದ್ದನ್ನು ಕಟ್ಟಡಗಳು ಹೇಳಿಯಾವೇ ಎಂಬುದು ಮಗನ ಆಸೆ. ಹಾಗಾಗಿ ಚಿತ್ರದ ಅರ್ಧ ಭಾಗ ಕಟ್ಟಡಗಳ ಯಾತ್ರೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಹಬ್ಬ.

ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ, ಪೆಸಿಫಿಕ್ ಸಾಗರದ ದಡದ ಮೇಲೆ ಸಾಲ್ಕ್ ಸಂಶೋಧನಾ ಸಂಸ್ಥೆ ಇದೆ. 1955ರಲ್ಲಿ ಪೋಲಿಯೊ ಲಸಿಕೆಯನ್ನು ಜಗತ್ತಿಗೆ ಕೊಟ್ಟ ಜೋನಸ್ ಸಾಲ್ಕ್ ಕಟ್ಟಿಸಿದ್ದು. (ನಮ್ಮ ಮಕ್ಕಳ ಬಾಯಿಗೆ ಹಾಕುವ ಹನಿ ಸಾಲ್ಕರದ್ದಲ್ಲ, ಆಲ್ಬರ್ಟ್ ಸೇಬಿನ್ ಅವರದು, ಸಾಲ್ಕರದು ಚುಚ್ಚುಮದ್ದು.) ಪ್ರಯೋಗಾಲಯಗಳಲ್ಲಿ ಇಂದು ಬೇಕಾದ ಕೊಳವೆ, ತಂತಿ ನಾಳೆ ಬೇಡವಾಗುತ್ತವೆ. ಅದಕ್ಕಾಗಿ ಕಾನ್ ಪ್ರತಿ ಪ್ರಯೋಗಾಲಯದ ಮಹಡಿಗೂ ಕೊಳವೆ-ತಂತಿಗಳಿಗೆಂದೇ ಒಂದು ಇಡೀ ಮಹಡಿ ಬಿಟ್ಟರು. ರಿಪೇರಿಯವರು ಅಲ್ಲಿ ಓಡಾಡಬಹುದು, ವಿಜ್ಞಾನಿಯ ಕೆಲಸ ನಿಲ್ಲುವುದಿಲ್ಲ. ಎರಡು ಕಟ್ಟಡಗಳ ನಡುವಿನ ಅಂಗಳದಲ್ಲಿ ಮೊದಲು ಮರ ನೆಡುವ ಯೋಚನೆ ಇತ್ತು. ಮೆಕ್ಸಿಕೊದ ವಾಸ್ತುಶಿಲ್ಪಿ ಲೂಯಿಸ್ ಬರ್ರಗಾನ್ ಬಂದು ನೋಡಿ, ಒಂದು ಎಲೆಯೂ ಬೇಡ ಎಂದರು. ಈಗ ಅಲ್ಲಿ ಇರುವುದು ಬರಿಯ ಕಲ್ಲು ಹಾಸು, ನಡುವೆ ಸಮುದ್ರದ ಕಡೆ ಹರಿಯುವ ಒಂದು ಸಣ್ಣ ನೀರಿನ ಕಾಲುವೆ. ಹಗಲು-ರಾತ್ರಿ ಸಮನಾಗುವ ವಿಷುವ ದಿನಗಳಲ್ಲಿ ಸೂರ್ಯ ಸರಿಯಾಗಿ ಆ ಕಾಲುವೆಯ ನೇರಕ್ಕೆ ಮುಳುಗುತ್ತಾನೆ. ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುವುದು ವರ್ಷಕ್ಕೆ ಎರಡೇ ದಿನ ಎಂದು ಪಾಠದಲ್ಲಿ ಓದಿದವರಿಗೆ ಕಾರಣ ಗೊತ್ತು. ಆ ಅಂಗಳದಲ್ಲಿ ನಥಾನಿಯಲ್ ಒಬ್ಬರೇ ಗಾಲಿಯ ಶೂ ಕಟ್ಟಿಕೊಂಡು ಸುತ್ತು ಹೊಡೆಯುತ್ತಾರೆ. ಅಪ್ಪನ ಅಂಗಳದಲ್ಲಿ ಆಡಲು ಅವರಿಗೆ ಸಿಕ್ಕಿದ್ದು ಅಷ್ಟು ತಡವಾಗಿ!

ಟೆಕ್ಸಾಸ್ ರಾಜ್ಯದ ಫೋರ್ಟ್‌ವರ್ತ್‌ನಲ್ಲಿ 1972ರಲ್ಲಿ ತೆರೆದ ಕಿಂಬಲ್ ಕಲಾ ಸಂಗ್ರಹಾಲಯದ ಮಾಡು ಕಮಾನಿನ ಆಕಾರದ್ದು, ಆದರೆ ಅರ್ಧವೃತ್ತವಲ್ಲ. ಸೈಕಲ್ಲಿನ ಟಯರಿಗೆ ಒಂದು ಸೀಮೆಸುಣ್ಣದ ತುಂಡು ಕಟ್ಟಿ ಗೋಡೆಗೆ ತಾಗಿಸಿ ಉರುಳಿಸಿದರೆ ಗೋಡೆಯ ಮೇಲೆ ಮೂಡುವ ರೇಖೆ ಇದೆಯಲ್ಲ, ಅದೇ ಸೈಕ್ಲಾಯ್ಡ್. ಆ ಆಕಾರದ ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಸೀಳು. ಅದರ ಕೆಳಗೆ ರೆಕ್ಕೆಯಂಥ ಅಲ್ಯೂಮಿನಿಯಂ ತಗಡು. ಬಿಸಿಲು ನೇರ ಕೆಳಗೆ ಬೀಳದೆ ತಗಡಿಗೆ ಬಡಿದು, ಮೇಲಿನ ಕಾಂಕ್ರೀಟಿಗೆ ಚದುರಿ, ಬೆಳ್ಳಿಯ ಬಣ್ಣದಲ್ಲಿ ಇಳಿಯುತ್ತದೆ. ಚಿತ್ರಪಟಗಳು ಮಾಸುವುದಿಲ್ಲ, ಮೋಡ ಬಂದರೆ ಒಳಗಿದ್ದವರಿಗೂ ತಿಳಿಯುತ್ತದೆ. ಈ ಸಂಗ್ರಹಾಲಯದ ಸುತ್ತಲಿನ ಉದ್ಯಾನದ ಕೆಲಸದಲ್ಲಿ ಕೈಗೂಡಿಸಿದವರು ನಥಾನಿಯಲ್ ಅವರ ತಾಯಿ.

ಇನ್ನು ಅಹಮದಾಬಾದ್. 1962ರಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಯ ಕಟ್ಟಡದ ಕೆಲಸಕ್ಕೆ ಕಾನ್ ಅವರನ್ನು ಕರೆಸಬೇಕೆಂದು ಸೂಚಿಸಿದವರು ಬಾಲಕೃಷ್ಣ ದೋಶಿ. ಕೆಲಸ ತಮಗೇ ಸಿಗುವಂತಿದ್ದರೂ ತಮಗಿಂತ ದೊಡ್ಡವರ ಹೆಸರು ಹೇಳಿದ ದೊಡ್ಡ ಮನಸ್ಸು ಅವರದು. ಇಟ್ಟಿಗೆಯನ್ನೇ ಕರೆದು ‘ನೀನು ಏನಾಗಬೇಕು’ ಎಂದು ಕೇಳಿದರೆ ಅದು ಕಮಾನು ಆಗಬೇಕೆನ್ನುತ್ತದೆ ಎಂದು ಕಾನ್ ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು ಪ್ರಸಿದ್ಧ. ಕವಿಯ ಮಾತಿನಂತೆ ಕೇಳಿದರೂ ಒಳಗಿರುವುದು ಶುದ್ಧ ಭೌತವಿಜ್ಞಾನ. ಇಟ್ಟಿಗೆ ಅದುಮುವ ಬಲವನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆಯುವ ಬಲಕ್ಕೆ ಸೀಳಿಬಿಡುತ್ತದೆ. ಬಾಗಿಲ ಮೇಲೆ ಇಟ್ಟಿಗೆಗಳನ್ನು ಅಡ್ಡ ಸಾಲಾಗಿ ಇಟ್ಟರೆ ತಳಭಾಗ ಎಳೆತಕ್ಕೆ ಸಿಕ್ಕು ಬಿರಿಯುತ್ತದೆ. ಕಮಾನಾಗಿ ಜೋಡಿಸಿದರೆ ಮೇಲಿನ ಭಾರವೆಲ್ಲ ಒಂದು ಇಟ್ಟಿಗೆಯಿಂದ ಮುಂದಿನದಕ್ಕೆ ಅದುಮುವ ಬಲವಾಗಿ ಸಾಗುತ್ತದೆ. ಆದರೆ ಕಮಾನಿನ ಕಾಲುಗಳು ಹೊರಕ್ಕೆ ಜಾರಲು ನೋಡುತ್ತವೆ. ಅದನ್ನು ತಡೆಯಲು ಅಹಮದಾಬಾದಿನಲ್ಲಿ ಕಮಾನಿನ ಎರಡು ತುದಿಗಳನ್ನೂ ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ಅಡ್ಡ ಪಟ್ಟಿಯಿಂದ ಬಿಗಿದಿದ್ದಾರೆ. ಬಿಲ್ಲಿಗೆ ಹೆದೆ ಇದ್ದಂತೆ. ಗೋಡೆಯಲ್ಲಿ ತೆರೆದ ದೊಡ್ಡ ದೊಡ್ಡ ವೃತ್ತಾಕಾರದ ಕಿಂಡಿಗಳು ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತವೆ.

ಚಿತ್ರದಲ್ಲಿ ದೋಶಿಯವರು ಕಾನ್ ಅವರನ್ನು ಗುರುವಿನಂತೆ, ಮೌನದ ಅರ್ಥ ಬಲ್ಲ ಯೋಗಿಯಂತೆ ನೆನೆಯುತ್ತಾರೆ. ಮನೆಯಲ್ಲಿ ವಾರಕ್ಕೊಮ್ಮೆ ಕಾಣಿಸುತ್ತಿದ್ದ ಅಪ್ಪ ಇಷ್ಟು ದೂರದ ಊರಿನಲ್ಲಿ ಒಬ್ಬರ ಹೃದಯದಲ್ಲಿ ಹೀಗೆ ಕುಳಿತಿದ್ದಾರೆ ಎಂದರೆ ಮಗನಿಗೆ ಹೇಗಾಗಬೇಡ? ಬೆಂಗಳೂರಿನವರಿಗೆ ದೋಶಿಯವರ ಪರಿಚಯ ಬೇರೆ ಹೇಳಬೇಕಿಲ್ಲ. ಬನ್ನೇರುಘಟ್ಟ ರಸ್ತೆಯ ನಿರ್ವಹಣಾ ಸಂಸ್ಥೆಯ ಬೂದು ಕಲ್ಲಿನ ಕಟ್ಟಡ, ಬಳ್ಳಿ ಹಬ್ಬಿದ ಅದರ ಉದ್ದನೆಯ ಮೊಗಸಾಲೆಗಳು ಅವರದೇ. 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2023ರ ಜನವರಿಯಲ್ಲಿ ತೀರಿಕೊಂಡರು. ಕಾನ್ ಕಟ್ಟಿದ ಅಹಮದಾಬಾದಿನ ವಿದ್ಯಾರ್ಥಿನಿಲಯಗಳಲ್ಲಿ ಬಹುಪಾಲನ್ನು, ಇಟ್ಟಿಗೆ ಸವೆದು ಅಪಾಯವಾಗಿದೆ ಎಂಬ ಕಾರಣಕ್ಕೆ ಕೆಡವುವ ಯೋಚನೆ 2020ರ ಕೊನೆಯಲ್ಲಿ ಬಂತು. ಹಲವು ದೇಶಗಳಿಂದ ವಿರೋಧ ಬಂದು 2021ರ ಜನವರಿಯಲ್ಲಿ ಅದನ್ನು ಕೈಬಿಡಲಾಯಿತು. 2022ರಲ್ಲಿ ಚರ್ಚೆ ಮತ್ತೆ ಎದ್ದಿತು. ಇಟ್ಟಿಗೆಗೂ ಮುಪ್ಪಿದೆ.

ಪೆಟ್ಟಿಗೆ ತೆರೆಯುವ ಮೊದಲು

ಈ ಚಿತ್ರ ನೋಡಿದ ವಿದ್ಯಾರ್ಥಿಗೆ ತನ್ನ ಮನೆಯಲ್ಲೂ ಹೀಗೊಂದು ಪ್ರಯತ್ನ ಮಾಡಬೇಕೆನ್ನಿಸಿದರೆ ಆಶ್ಚರ್ಯವಿಲ್ಲ. ಆಗ ಫಿಲಂ ರೀಲಿಗೆ ದುಡ್ಡು ಸುರಿಯಬೇಕಿತ್ತು. ಈಗ ಮನೆಯಲ್ಲಿರುವ ಮೊಬೈಲ್ ಫೋನೇ ಸಾಕು. ಸಾಲದಿರುವುದು ಕೇಳುವ ತಾಳ್ಮೆ. ‘ಅಜ್ಜ ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥವರು’ ಎಂಬ ಒಂದೇ ಉತ್ತರ ಬರುತ್ತದೆ. ಅಟ್ಟದ ಮೇಲಿನ ಟ್ರಂಕು ಇಳಿಸಿ, ಅದರಲ್ಲಿರುವ ಹಳೆಯ ಅಂಕಪಟ್ಟಿ, ಕೈಗಡದ ಚೀಟಿ, ವರ್ಗಾವಣೆ ಆದೇಶ, ಇನ್‌ಲ್ಯಾಂಡ್ ಪತ್ರ ಒಂದೊಂದಾಗಿ ಎದುರಿಗಿಟ್ಟು ‘ಇದು ಯಾವಾಗಿನದು?’ ಎಂದು ಕೇಳಿ ನೋಡಿ. ಅಜ್ಜಿಯ ಮಾತು ನಿಲ್ಲುವುದಿಲ್ಲ. ಅಜ್ಜನ ಜೊತೆ ಕಚೇರಿಯಲ್ಲಿ ಕುಳಿತವರು, ಹೊಲದಲ್ಲಿ ದುಡಿದವರು, ಚಹಾದ ಅಂಗಡಿಯವರು ಬದುಕಿದ್ದರೆ ಮೊದಲು ಅವರನ್ನು ಕಾಣಬೇಕು. ವಯಸ್ಸು ಯಾರಿಗಾಗಿಯೂ ಕಾಯುವುದಿಲ್ಲ. ಮಾತಿನ ನಡುವೆ ಸುಮ್ಮನಾದರೆ ತಕ್ಷಣ ಮುಂದಿನ ಪ್ರಶ್ನೆ ಹಾಕಬಾರದು. ರೆಕಾರ್ಡ್ ಮಾಡಿದ ದಿನ, ಊರು, ಹೇಳಿದವರ ಹೆಸರು ಅಂದೇ ಬರೆದಿಡಬೇಕು.

ತಂದೆತಾಯಿಗಳಿಗೆ ಇಲ್ಲಿ ಅಳುಕು ಇರುವುದು ಸಹಜ. ಟ್ರಂಕಿನಿಂದ ಏನು ಹೊರಬರುತ್ತದೋ ಯಾರಿಗೆ ಗೊತ್ತು? ಕಾನ್ ಮನೆಯಂಥ ಗುಟ್ಟು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆದರೆ ಸೋತ ಪರೀಕ್ಷೆ, ಮುರಿದ ನಂಟು, ತೀರದ ಸಾಲ, ಅಣ್ಣತಮ್ಮಂದಿರ ವ್ಯಾಜ್ಯ ಯಾರ ಮನೆಯಲ್ಲಿಲ್ಲ? ಬದುಕಿರುವವರ ಒಪ್ಪಿಗೆ ಇಲ್ಲದೆ ಯಾವುದನ್ನೂ ಹೊರಗಿನವರಿಗೆ ತೋರಿಸಬಾರದು. ಇದರಲ್ಲಿ ಎರಡು ಮಾತಿಲ್ಲ. ಹಾಗೆಂದು ಮನೆಯ ಮಗುವಿನ ಎದುರಿಗೂ ಪೆಟ್ಟಿಗೆಗೆ ಬೀಗ ಹಾಕಿಟ್ಟರೆ, ಮಗು ಕೇಳುವುದನ್ನು ಬಿಡುವುದಿಲ್ಲ, ತಪ್ಪು ಉತ್ತರಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ನಥಾನಿಯಲ್ ಬಾಲ್ಯ ಕಳೆದದ್ದೇ ಹಾಗೆ.

ಢಾಕಾದ ಕೊನೆಯ ಗೋಡೆ

ಮಗನ ಪ್ರಯಾಣ ಮುಗಿಯುವುದು ಬಾಂಗ್ಲಾದೇಶದ ರಾಜಧಾನಿಯಲ್ಲಿ. 1962ರಲ್ಲಿ ಕಾನ್ ಈ ಕೆಲಸ ಒಪ್ಪಿಕೊಂಡಾಗ ಅದು ಪೂರ್ವ ಪಾಕಿಸ್ತಾನ. 1971ರ ಯುದ್ಧದಲ್ಲಿ ಕೆಲಸ ನಿಂತಿತು. ಮೇಲೆ ಹಾರಿದ ವಿಮಾನ ಚಾಲಕರು ಇದನ್ನು ಯಾವುದೋ ಪ್ರಾಚೀನ ಪಾಳು ಕಟ್ಟಡವೆಂದು ಬಗೆದು ಬಾಂಬು ಹಾಕದೆ ಬಿಟ್ಟರೆಂಬ ಕಥೆ ಇದೆ. ನಂತರ ಮತ್ತೆ ಕೆಲಸ ಆರಂಭವಾಗಿ, ಕಾನ್ ಸತ್ತು ಎಂಟು ವರ್ಷವಾದ ಮೇಲೆ, 1982ರಲ್ಲಿ ಸಂಸತ್ ಭವನ ಮುಗಿಯಿತು. ಕ್ರೇನುಗಳಿಲ್ಲದ ನಾಡು. ಬಿದಿರಿನ ಸಾರುವೆ ಕಟ್ಟಿ, ಸಾವಿರಾರು ಜನ ಬುಟ್ಟಿಯಲ್ಲಿ ಕಾಂಕ್ರೀಟು ಹೊತ್ತು ಏರಿದರು. ಒಂದು ಬಾರಿಗೆ ಐದಡಿ ಎತ್ತರ. ಎರಡು ಪದರಗಳು ಕೂಡುವ ಕಡೆ ಬಿಳಿ ಅಮೃತಶಿಲೆಯ ಪಟ್ಟಿ. ದೂರದಿಂದ ನೋಡಿದರೆ ನೀರಿನಲ್ಲಿ ನಿಂತ ಕೋಟೆ.

ಅಲ್ಲಿ ನಥಾನಿಯಲ್‌ಗೆ ಎದುರಾಗುವವರು ಶಂಸುಲ್ ವಾರೆಸ್ ಎಂಬ ವಾಸ್ತುಶಿಲ್ಪಿ. ಚಿತ್ರದಲ್ಲಿ ಈ ಕಟ್ಟಡಕ್ಕೆ ಹತ್ತು ನಿಮಿಷ ಇರುತ್ತದೆ ಎಂದಾಗ ಅವರು ಬೇಸರಪಡುತ್ತಾರೆ. ಇಷ್ಟು ದೊಡ್ಡದಕ್ಕೆ ಹತ್ತೇ ನಿಮಿಷವೇ? ಆಮೇಲೆ ಅವರ ಗಂಟಲು ಕಟ್ಟುತ್ತದೆ. ಜಗತ್ತಿನ ಅತಿ ಬಡ ದೇಶಕ್ಕೆ ಈ ಮನುಷ್ಯ ಇಂಥದ್ದನ್ನು ಕೊಟ್ಟುಹೋದರು. ಎಲ್ಲರನ್ನೂ ಪ್ರೀತಿಸಲು ಹೊರಟವರು ಎಷ್ಟೋ ಸಲ ಹತ್ತಿರದವರನ್ನೇ ಕಾಣುವುದಿಲ್ಲ, ಮಗನಾಗಿ ನಿಮಗೆ ಅದು ಸಿಗದೆ ಹೋಗಿರಬಹುದು, ಎಂಬ ಅರ್ಥದಲ್ಲಿ ಅವರು ಅಳುತ್ತ ಮಾತನಾಡುತ್ತಾರೆ. ಎದುರಿಗಿರುವ ಮಗ ಏನೂ ಹೇಳುವುದಿಲ್ಲ. ಆ ಉತ್ತರ ಅವರಿಗೆ ಸಾಕಾಯಿತೇ ಎಂಬುದನ್ನು ನೋಡುವವರೇ ಊಹಿಸಬೇಕು. ಅಪ್ಪ ಮನೆಗೆ ಬಾರದ ದಿನಗಳೆಲ್ಲ ಎಲ್ಲಿ ಹೋಗಿದ್ದರು ಎಂಬುದಂತೂ ಆ ಗೋಡೆಗಳ ನಡುವೆ ಕಣ್ಣಿಗೆ ಕಾಣುತ್ತಿತ್ತು.

ಚಿತ್ರ ಬಂದ ಮೇಲೂ ಕಥೆ ಮುಗಿಯಲಿಲ್ಲ. ಕಾನ್ ಸಾಯುವ ಕಾಲಕ್ಕೆ ಕೈಯಲ್ಲಿದ್ದ, ಅಧ್ಯಕ್ಷ ರೂಸ್‌ವೆಲ್ಟ್ ನೆನಪಿನ ಉದ್ಯಾನದ ನಕ್ಷೆ ನ್ಯೂಯಾರ್ಕಿನಲ್ಲಿ 2012ರಲ್ಲಿ, ಮೂವತ್ತೆಂಟು ವರ್ಷ ತಡವಾಗಿ, ನೆಲಕ್ಕೆ ಇಳಿಯಿತು. ಮಗನ ಕ್ಯಾಮೆರಾದ ಮುಂದೆ ಅಳೆದು ಸುರಿದು ಮಾತನಾಡಿದ್ದ ಹ್ಯಾರಿಯೆಟ್ ಪ್ಯಾಟಿಸನ್, ತೊಂಬತ್ತು ದಾಟಿದ ಮೇಲೆ, 2020ರಲ್ಲಿ, ಅಷ್ಟು ವರ್ಷ ಜೋಪಾನವಾಗಿ ಇಟ್ಟಿದ್ದ ಕಾನ್ ಅವರ ಪತ್ರಗಳನ್ನು ತಮ್ಮ ನೆನಪುಗಳ ಜೊತೆ ಸೇರಿಸಿ ಪುಸ್ತಕವಾಗಿ ಹೊರತಂದರು. ಮೂರು ವರ್ಷದ ನಂತರ ಅವರೂ ತೀರಿಕೊಂಡರು. ಪಾಸ್‌ಪೋರ್ಟಿನ ವಿಳಾಸಕ್ಕೆ ಗೀಟು ಎಳೆದದ್ದು ಏಕೆಂದು ಮಾತ್ರ ಯಾರಿಗೂ ಕೊನೆಯವರೆಗೂ ತಿಳಿಯಲಿಲ್ಲ.